ಸೇದುವುದು, ಊದುವುದು

ನಾಪೋಕ್ಲಿನ ಮೈದಾನ, ಏಪ್ರಿಲ್, ಎರಡನೇ ಹಾಫು.
ಎರಡು ಮನೆತನಗಳ ಹುಡುಗರು ಡಿ ಒಳಗೆ
ಕೋಲಿಗೆ ಕೋಲು ಸಿಕ್ಕಿಸಿಕೊಂಡು ಬಿದ್ದಿದ್ದಾರೆ.
ಚೆಂಡು ಕಾಲಿಗೆ ಬಡಿದದ್ದು ಕಂಡಿದ್ದೇನೆ,
ಸೀಟಿ ಬಾಯಲ್ಲೇ ಇದೆ,
ಊದಿದೆ.
ಬಂದದ್ದು ಬರೀ ಉಸ್ಸ್.

ಗೋಲಾಯಿತು. ಗ್ಯಾಲರಿಯಲ್ಲಿ ಪಟಾಕಿ.
"ಮಾಚಯ್ಯ, ನಿದ್ದೆಯಾ?" ಎಂದ ಯಾವನೋ.
ಇಪ್ಪತ್ತಾರು ವರ್ಷ ಆ ಹುಲ್ಲಿನ ಮೇಲೆ
ನನ್ನ ಸೀಟಿಗೆ ಮೇಲ್ಮನವಿ ಇರಲಿಲ್ಲ.
ಅವತ್ತು ಮಂಡಿಗೆ ಕೈಕೊಟ್ಟು ಬಗ್ಗಿ ಕೆಮ್ಮಿದೆ,
ಎರಡೂ ಕಡೆಯವರು ಒಟ್ಟಿಗೇ ನೀರು ತಂದರು.
ಅಂಪೈರಿಗೆ ಅದಕ್ಕಿಂತ ಅವಮಾನ ಇಲ್ಲ.

ಆಸ್ಪತ್ರೆಗೆ ಹೋಗಲು ಆಗಸ್ಟ್ ಬೇಕಾಯಿತು.
ಮಡಿಕೇರಿಯಲ್ಲೂ ಊದುವುದೇ:
ಮೂಗಿಗೆ ಕ್ಲಿಪ್ಪು, ಬಾಯಿಗೆ ಕೊಳವೆ,
"ಊದಿ, ಊದಿ, ಬಿಡಬೇಡಿ, ಇನ್ನೂ ಊದಿ"
ಫ್ಲೇವಿಯಾ ಸಿಸ್ಟರು ಗ್ಯಾಲರಿಯ ಹಾಗೆ ಕೂಗಿದರು.
ಪರದೆಯ ಮೇಲೆ ಗೆರೆ ಕೊಂಚ ಏರಿ
ದಣಿದ ಹಸುವಿನ ಹಾಗೆ ಕೂತುಬಿಟ್ಟಿತು.
"ನಿಮಗೆ ಐವತ್ತೆಂಟು. ಶ್ವಾಸಕೋಶಕ್ಕೆ ಎಂಬತ್ತು,"
ನಾಳೆಯೂ ಮಳೆ ಎನ್ನುವಷ್ಟು ಸಹಜವಾಗಿ ಡಾಕ್ಟರು.
ಹೋದದ್ದು ವಾಪಸು ಬರುವುದಿಲ್ಲವಂತೆ.
ಬಿಟ್ಟರೆ, ಉಳಿದದ್ದು ಬೇಗ ಹೋಗುವುದಿಲ್ಲವಂತೆ.
ಅಷ್ಟೇನಾ ಎಂದೆ.
ಅಷ್ಟು ಎಂದರು.

ಪ್ಯಾಕಿನ ಮೇಲಿನ ಚಿತ್ರವನ್ನು ಹೆಬ್ಬೆರಳಲ್ಲಿ ಮುಚ್ಚಿಯೇ
ಇಷ್ಟು ವರ್ಷ ಕಡ್ಡಿ ಗೀರಿದವನು.
ಬೆರಳು ಸರಿಸಿದರೆ ಅಲ್ಲೊಂದು ನಂಬರು.
ಒತ್ತಿದೆ. ಕನ್ನಡದಲ್ಲೇ ಮಾತಾಡಿದಳು ಹುಡುಗಿ,
ಉಪದೇಶ ಇಲ್ಲ:
"ದಿನದಲ್ಲಿ ಯಾವುದು ಬಿಡೋಕೆ ತುಂಬ ಕಷ್ಟ ಸರ್?"
ಬೆಳಗಿನದು. ಬೆಲ್ಲದ ಕಾಫಿ, ಜಗಲಿಯ ಕುರ್ಚಿ, ಎದುರಿಗೆ ಮಂಜು.
"ಹಾಗಿದ್ರೆ ಮೊದಲು ಕುರ್ಚಿ ಬದಲಾಯಿಸಿ."

ಕುರ್ಚಿ ಹಿತ್ತಲಿಗೆ ಹೋಯಿತು, ಬಾವಿಕಟ್ಟೆ ಪಕ್ಕ.
ಬೊಳ್ಳಮ್ಮ ನೋಡಿದಳು, ಏನೂ ಕೇಳಲಿಲ್ಲ,
ಹಗ್ಗ ಕೈಗಿತ್ತಳು:
"ಸೇದಬೇಕು ಅನ್ನಿಸಿದಾಗೆಲ್ಲ ಸೇದಿ."
ಆಸೆ ಬಂದರೆ ಐದು ನಿಮಿಷ, ತಡೆದರೆ ತಾನೇ ಇಳಿಯುತ್ತದೆ
ಎಂದಿದ್ದಳು ಫೋನಿನ ಹುಡುಗಿ.
ಐದು ನಿಮಿಷಕ್ಕೆ ನಾಲ್ಕು ಕೊಡ.
ಹಂಡೆ ತುಂಬಿತು, ಹಂದಿಗೂಡು ತೊಳೆದಾಯಿತು,
ಸುರಿವ ಮಳೆಯಲ್ಲಿ ಕಿತ್ತಳೆ ಗಿಡಕ್ಕೆ ನೀರು ಹೊಯ್ದ ಹುಚ್ಚ
ಇಡೀ ಕೊಡಗಿನಲ್ಲಿ ನಾನೊಬ್ಬನೇ.
ಡಾಕ್ಟರು ಕೊಟ್ಟ ಗಮ್ಮು
ಹಸಿ ಮೆಣಸಿನ ಕಾಳಿನಂತೆ ನಾಲಿಗೆ ಚುರ್ರೆನಿಸಿತು.
ನಾಯಿಗೆ ಬೈದೆ. ಗೇಟಿಗೆ ಬೈದೆ.

ಹತ್ತೊಂಬತ್ತನೇ ದಿನ ಕೈಲ್‌ಪೊಳ್ದ್.
ತೆಂಗಿನಕಾಯಿಗೆ ಗುರಿಯಿಟ್ಟು ಎಲ್ಲರೂ ಕೋವಿ ಹಿಡಿದಿದ್ದಾಗ
ಭಾವ ಪ್ಯಾಕು ಚಾಚಿದ.
ಒಂದಲ್ಲ, ಮೂರು ಸೇದಿದೆ.
ರಾತ್ರಿ ಹಾಸಿಗೆಯಲ್ಲಿ ಎದೆ
ತುಕ್ಕು ಹಿಡಿದ ರಾಟೆಯ ಹಾಗೆ ಕಿರುಗುಟ್ಟಿತು.
"ಹಾಗಾದರೆ ಹದಿನೆಂಟು ದಿನ ಆಡಿದ್ದು ಸುಳ್ಳಾ?"
ಸಿಸ್ಟರು ಕೇಳಿದ್ದು ಅಷ್ಟೇ.
ಮತ್ತೆ ಒಂದರಿಂದ ಎಣಿಸಿದೆ.

ನವೆಂಬರಿನಲ್ಲಿ ಒಂದು ದಿನ ಊಟಕ್ಕೆ ಕೂತು
ಪಂದಿಕರಿಗೆ ಕಾಚಂಪುಳಿ ಜಾಸ್ತಿಯಾಯಿತು ಎಂದೆ.
"ಮೂವತ್ತು ವರ್ಷದಿಂದ ಅಷ್ಟೇ ಹಾಕ್ತಿದ್ದೇನೆ" ಎಂದವಳು
ಸೌಟು ಹಿಡಿದೇ ನನ್ನ ಮುಖ ನೋಡಿದಳು.

ಜನವರಿ. ಬೇಲಿಯಾಚೆ ತೋಟದಲ್ಲಿ ಕಾಫಿ ಕೊಯ್ಲು,
ಗಿಡ ಕಾಣದಷ್ಟು ಹೆಂಗಸರ ಮಾತು.
ಡ್ರಾಯರಿನಿಂದ ಸೀಟಿ ತೆಗೆದು, ಅಂಗಿಗೆ ಒರೆಸಿ,
ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿ
ಊದಿದೆ.

ನಾಯಿ ಎದ್ದು ನಿಂತಿತು.
ಬೇಲಿಯಾಚೆ ಮಾತೂ ನಿಂತಿತು.
ಹನ್ನೊಂದು ಗಂಟೆಗೇ ಕೆಲಸ ಬಿಟ್ಟಿತೆಂದು
ಹೆಂಗಸರೆಲ್ಲ ಚೀಲ ಇಳಿಸಿ ಬುತ್ತಿ ಬಿಚ್ಚಿದರು.
ರೈಟರು ಓಡಿಬಂದು ಬೇಲಿ ಹಿಡಿದು ಕೂಗಿದ,
"ಯಾರ್ರೀ ಅದು ಊದಿದ್ದು?"

ನಾನೇ, ಎಂದೆ. ಏದುಸಿರಿತ್ತು,
ಇಲ್ಲವೆನ್ನುವುದಿಲ್ಲ.

"ಏಳಿ, ಏಳಿ, ಅದು ನಮ್ಮ ಸೀಟಿ ಅಲ್ಲ" ಎಂದು ಆತ ಎಷ್ಟು ಅಂದರೂ
ಯಾರೂ ಏಳಲಿಲ್ಲ.
"ಸೀಟಿ ಆದಮೇಲೆ ಆಯಿತು" ಎಂದಳು ಒಬ್ಬಳು,
ರೊಟ್ಟಿ ಮುರಿಯುತ್ತ.