ರಿವರ್ಸಿಗೆ ಅರ್ಧ

ಬೆಳಗಾವಿ ಶಹಾಪುರದ ಮಾಳಿಗೆ. ಊಟದ ಟೇಬಲ್ಲೇ ರಣಭೂಮಿ:
ಬಿಸ್ಕೀಟ ಡಬ್ಬಿ ಕೋಟೆ, ಒದ್ದೆ ಟವೆಲ್ಲು ಕೆಸರು.
ಪಾರೀಸ ನಿಯಮ ಓದಿದ:
"ಟ್ಯಾಂಕಿಗೆ ಹನ್ನೆರಡಿಂಚು, ಮೂತಿಯಿಂದ ಅಳೀಬೇಕು.
ಹೊರಳಿದರ ಎರಡು ಕಡಿತ.
ಕೆಸರಾಗ ದಾಳ ಹಾಕು; ಒಂದು ಬಿತ್ತಂದ್ರ ಹುಗೀತು ಗಾಲಿ."

ಮೂವತ್ತೊಂದು ವರ್ಷ ಚೋರ್ಲಾ ಘಾಟಿನಾಗ
ಬಸ್ಸು ಹೊರಳಿಸಿದ ಜಿನ್ನಪ್ಪ ಮಾವ
ಚಾಳೀಸು ಏರಿಸಿ ಟೇಪು ನೋಡಿದ.
"ಬರೇ ಮೂತಿ ಅಳದರ ಹೆಂಗೋ?
ಗೋಡಿ ಕೆರಿಯೂದು ಬಾಲ."
"ಪುಸ್ತಕದಾಗ ಬಾಲ ಇಲ್ಲ ಮಾವ."
"ರಿವರ್ಸು?"
"ಅರ್ಧ. ಆರಿಂಚು."
"ಹಿಂದ ನಿಂತು ಸೀಟಿ ಊದಾಂವ?"

ಪಾರೀಸ ಪುಟ ತಿರುವಿದ, ಮುಂದಕ್ಕೆ, ಮತ್ತೆ ಹಿಂದಕ್ಕೆ.
ಆಮೇಲೆ ಕೈಮುರುಕ ಸಿಪಾಯಿಯೊಬ್ಬನನ್ನು
ಡಬ್ಬಿಯಿಂದ ಹೆಕ್ಕಿ
ಟ್ಯಾಂಕಿನ ಹಿಂದೆ ನಿಲ್ಲಿಸಿದ.

ಮಾವ ಒಂದೇ ಬೆರಳಲ್ಲಿ, ಬಲು ಸಾವಕಾಶ, ಹಿಂದೆ ಸರಿಸಿ
ನಾಲ್ಕಿಂಚಿಗೇ ನಿಲ್ಲಿಸಿದ.

"ಇನ್ನೂ ಎರಡು ಐತಿ."

"ಸೀಟಿ ಕೇಳಲಿಲ್ಲೇನು ನಿನಗ?"