ಇಪ್ಪತ್ತು ನಿಮಿಷದ ದಿನ

ದಾದರಿನ ಪಶ್ಚಿಮಕ್ಕೆ, ಹೂವಿನ ಮಾರ್ಕೆಟ್ಟಿನ ಕೂಗು ಮೆಟ್ಟಿಲೇರಿ ಬರುವ
ಎರಡನೇ ಮಾಳಿಗೆಯಲ್ಲಿ ನಮ್ಮ ಆಫೀಸು.
ಗೋಡೆಯಲ್ಲೊಂದು ಹಿಮದ ಬೆಟ್ಟ, ಬೆಟ್ಟದ ಮೇಲೊಂದು ಹಲ್ಲಿ.
ಅರ್ಜಿ ತುಂಬುವವಳು ನಾನು. ಆ ಬೆಟ್ಟ ಕಂಡವಳಲ್ಲ.
ಆಗಿನ್ನೂ ಕೈಯಲ್ಲೇ ಬರೆಯಬೇಕು,
ಕರಿ ಶಾಯಿ, ದೊಡ್ಡಕ್ಷರ, ಡಬ್ಬಿಗೊಂದೇ ಅಕ್ಷರ,
ಚಾಳಿನಲ್ಲಿ ಕೋಣೆಗೊಂದು ಸಂಸಾರದ ಹಾಗೆ.

ಐತಪ್ಪ ಸಾಲಿಯಾನ್, ಪ್ರವಾಸದ ಅಡುಗೆಯವರು.
ಮೂವತ್ತೆಂಟು ಹೊಟ್ಟೆಗಳು ಪರದೇಶದಲ್ಲಿ
ಪರದೇಶಿಯಾಗದಂತೆ ಕಾಯುವ ಕೆಲಸ.
ಆದಿತ್ಯವಾರ ಹುಟ್ಟಿದ್ದಕ್ಕೆ ಐತಪ್ಪ;
ಪಾಸ್‌ಪೋರ್ಟಿನಲ್ಲಿ ಮಾತ್ರ ಜೂನ್ ಒಂದು, ಎಪ್ಪತ್ತೊಂದನೇ ಇಸವಿ.
ಆ ವರ್ಷ ಸೇರಿದ ಮಕ್ಕಳನ್ನೆಲ್ಲ
ಮಾಸ್ತರು ಒಂದೇ ದಿನ ಹೆತ್ತಿದ್ದರಂತೆ.
ಹಳೇ ಪಂಚಾಂಗ ತೆಗೆದು ನೋಡಿದೆ. ಮಂಗಳವಾರ.
‘ಇರಲಿ ಜಲಜಕ್ಕ, ಎರಡು ದಿನ ತಡವಾಗಿ ಹುಟ್ಟಿದೆ ಅಂತಾಯ್ತು’ ಅಂದರು.

ವೀಸಾ ಬಂತು.
ಮೇ ಮೂರರಿಂದ ಜೂನ್ ಎರಡರವರೆಗೆ.
ತಿಂಗಳು ಪೂರ್ತಿ ಬಾಗಿಲು ತೆರೆದಿದೆ ಎಂದು
ಪೇಡೆ ಹಂಚಿಯೂ ಆಯಿತು.
ಆಮೇಲೆ ಕಂಡದ್ದು, ಕೆಳಗೆ, ಇರುವೆ ಗಾತ್ರದಲ್ಲಿ:
ತಂಗುವ ದಿನ, ಎಂಟು.
ಪ್ರವಾಸ ಹನ್ನೆರಡು ದಿನದ್ದು.

ಬಾಗಿಲು ತೆರೆದಿರುವುದು ಬೇರೆ,
ಕೂರಲು ಮಣೆ ಹಾಕುವುದು ಬೇರೆ.
ನನಗಿದು ಗೊತ್ತಿರಬೇಕಿತ್ತು.
ಹನ್ನೊಂದು ತಿಂಗಳ ಬಾಡಿಗೆ ಕರಾರಿನಲ್ಲಿ
ಇಪ್ಪತ್ತಾರು ವರ್ಷ ಕಳೆದವಳು;
ಈ ಊರಿನಲ್ಲಿ ಹನ್ನೆರಡನೇ ತಿಂಗಳು
ನನಗೆ ಬಂದೇ ಇಲ್ಲ.

ಬಾಂದ್ರಾದಲ್ಲಿ ಗಾಜಿನಾಚೆಯ ಟೈ ಕಟ್ಟಿದ ಹುಡುಗ ಹೇಳಿದ:
ತಿದ್ದುವಂತಿಲ್ಲ. ಹೊಸ ಅರ್ಜಿ, ಹದಿನೈದು ದಿನ.
ವಿಮಾನಕ್ಕೆ ನಾಲ್ಕೇ ದಿನ.
‘ಮತ್ತೆ ಮೇಡಂ, ನೀವು ಕೇಳಿದ್ದೇ ಎಂಟು.’

ನಾನು ಕೇಳಿದ್ದು ಹದಿನೆಂಟು.
ಕುರ್ಲಾ ಸ್ಟೇಷನ್ನಿನ ಸೇತುವೆಯ ಮೇಲೆ, ಜನ ತಳ್ಳುತ್ತಿದ್ದರೂ ನಿಂತು,
ಜೆರಾಕ್ಸ್ ಬಿಡಿಸಿ ನೋಡಿದೆ.
ನಾನು ಬರೆದ ಒಂದು
ಡಬ್ಬಿಯ ಗೆರೆಗೇ ಒರಗಿ ನಿಂತಿದೆ.
ಒರಗಿ ಒರಗಿ ಗೋಡೆಯೇ ಆಗಿಬಿಟ್ಟಿದೆ.

ಕೇಳಸ್ಕರ್ ಸಾಹೇಬರು ತಲೆಯೆತ್ತದೆ ಅಂದರು:
ಎಂಟು ದಿನ ಹೋಗಿಬರಲಿ. ಮಿಕ್ಕ ನಾಲ್ಕಕ್ಕೆ ಬ್ರೆಡ್ಡು.

ಹೋದರು. ವಿಮಾನ ತಡ.
ಅಲ್ಲಿಯ ನೆಲಕ್ಕೆ ಕಾಲಿಟ್ಟಾಗ ರಾತ್ರಿ ಹನ್ನೊಂದು ನಲವತ್ತು.
ಆ ಇಪ್ಪತ್ತು ನಿಮಿಷಕ್ಕೂ ಒಂದು ದಿನದ ಲೆಕ್ಕವಂತೆ.
ಮುದ್ರೆ ಒತ್ತಿಸಿಕೊಂಡು
ಕುಕ್ಕರಿನ ಪೆಟ್ಟಿಗೆ ಹುಡುಕುವುದರೊಳಗೆ
ಎಂಟರಲ್ಲೊಂದು ಖರ್ಚು.

ಎಂಟನೆಯ ದಿನ ಬೆಳಿಗ್ಗೆ
ದಮಯಂತಿಬೆನ್ ಕೈಗೆ ಒಗ್ಗರಣೆ ಡಬ್ಬಿ ಕೊಟ್ಟು,
ಸಾಸಿವೆ ಸಿಡಿದ ಮೇಲೆ ಎಷ್ಟು ಉಸಿರು ಕಾಯಬೇಕೆಂದು ಹೇಳಿಕೊಟ್ಟು,
ಒಬ್ಬರೇ ಹಿಂದೆ ಬಂದರು.

ಚಹಾ ಬಸಿಗೆ ಬಗ್ಗಿಸುತ್ತ ನಗುತ್ತಾರೆ:
‘ಅಲ್ಲಿಯ ಸಾಹೇಬ ದಿನ ಎಣಿಸಿದ್ದು ಹೀಗೆ, ಬೆರಳಿಗೊಂದು.
ನಮ್ಮ ಹಾಗೆ ಗೆಣ್ಣು ಎಣಿಸಿದ್ದರೆ, ಜಲಜಕ್ಕ,
ಒಂದೇ ಕೈಯಲ್ಲಿ ಹನ್ನೆರಡು ಸಿಗುತ್ತಿತ್ತು.’
ಬೆಟ್ಟ ನೋಡಿದಿರಾ? ಕೇಳಿದೆ.
‘ಹತ್ತನೆಯ ದಿನಕ್ಕಿತ್ತು ಅದು.’

ಆಗ ಹೇಳಿದೆ, ಆ ಒಂದರ ವಿಷಯ.
ಹೂವಿನವರ ಕೂಗು ಮೂರು ಸಲ ಮೆಟ್ಟಿಲೇರಿ ಇಳಿಯಿತು.
‘ನೂರೈವತ್ತು ಎಲೆಯ ಮದುವೆಯಲ್ಲಿ
ಸಾರಿಗೆ ಉಪ್ಪು ಮರೆತವನು ನಾನು’ ಅಂದರು,
ಬಸಿ ತೊಳೆದು ಕವುಚಿಟ್ಟರು.

ಈಗ ಒಂದು ಬರೆಯುವಾಗ
ತಲೆಗೊಂದು ಕೊಕ್ಕೆ, ಕಾಲಿಗೊಂದು ಮಣೆ ಹಾಕುತ್ತೇನೆ.
ಗೆರೆಯಿಂದ ದೂರ, ಡಬ್ಬಿಯ ನಟ್ಟನಡುವೆ ಕೂರಿಸುತ್ತೇನೆ.
ಹುಡುಗರು ನಗುತ್ತಾರೆ,
ಹಾಲಿನ ಲೆಕ್ಕಕ್ಕೂ ಹೀಗೇ ಬರೆಯುತ್ತೀರಾ ಎಂದು.
ಹೌದು. ಹಾಲಿನ ಲೆಕ್ಕಕ್ಕೂ.