ಕದದ ಸಮೇತ

ನಲವತ್ತೆರಡು ವರ್ಷ ಕದ ಮಾಡಿದವನು ನಾನು.
ಓಕ್, ಪೈನ್, ಕೊನೆಕೊನೆಗೆ
ಒಳಗೆ ಕಾಗದದ ಜೇನುಗೂಡು ತುಂಬಿದ ಅಗ್ಗದವು,
ಮೊಣಕೈ ತಗುಲಿದರೆ ಸಾಕು, ಗುಳಿ.
ಈಗ ಪ್ರತಿ ಮಂಗಳವಾರ ಕಾಂಪೆನ್ ಲೈಬ್ರರಿಯ ಮಹಡಿಯಲ್ಲಿ
ಹೊಸದಾಗಿ ಬಂದವರಿಗೆ ನಮ್ಮ ಭಾಷೆ ಕಲಿಸುತ್ತೇನೆ.
ಕಾಫಿ ಪುಕ್ಕಟೆ. ಬಿಸ್ಕತ್ತು ತಲೆಗೊಂದು.

ಆ ವಾರದ ನುಡಿಗಟ್ಟು:
ಮೆಟ್ ದ ಡ್ಯೋರ್ ಇನ್ ಹೌಸ್ ಫಾಲನ್.
ಕದದ ಸಮೇತ ಮನೆಯೊಳಗೆ ಬೀಳುವುದು.
ಅಂದರೆ, ಎಂದೆ, ಹವಾಮಾನ ವಿಚಾರಿಸದೆ,
ಅಡ್ಡಗೋಡೆಯ ಮೇಲೆ ದೀಪ ಇಡದೆ,
ಬಂದ ವಿಷಯ ಬಂದ ಕೂಡಲೇ ಹೇಳಿಬಿಡುವುದು.
ನಡುವೆ 'ಮಾರ್' ಅಂತ ಒಂದು ಪುಟ್ಟ ಮಾತು ಸೇರಿಸಿ,
ಅದಕ್ಕೆ ಹೇಳಿಕೊಳ್ಳುವಂಥ ಅರ್ಥವೇನೂ ಇಲ್ಲ,
ಬಿಜಾಗರಿಗೆ ಬಿಟ್ಟ ಎರಡು ಹನಿ ಎಣ್ಣೆ,
ಮಾತು ಕಿರುಗುಟ್ಟುವುದಿಲ್ಲ.
ಈಗ ಒಬ್ಬೊಬ್ಬರೂ ಒಂದು ವಾಕ್ಯ ಬರೆಯಿರಿ.

ಹಾಲಿನಾ ಎದ್ದು ಓದಿದಳು:
"ಕದದ ಸಮೇತ ಬೀಳುತ್ತಿದ್ದೇನೆ ಡಾಕ್ಟರೇ,
ಒಂದು ಹಲ್ಲು ಕೀಳೋದಕ್ಕೆ ಎಷ್ಟು?"
ಎಲ್ಲರೂ ನಕ್ಕರು. ಹಲ್ಲಿಲ್ಲದವರೂ.

ಲೆತೆಬ್ರಹಾನ್ ಬಹಳ ಹೊತ್ತು ಬರೆದಳು,
ಎಡಗೈಯಲ್ಲಿ ಹಾಳೆ ಮರೆಮಾಡಿಕೊಂಡು, ಪರೀಕ್ಷೆಯ ಹುಡುಗಿಯ ಹಾಗೆ.
ಆಮೇಲೆ ಓದಲಿಲ್ಲ, ನನ್ನತ್ತ ಸರಿಸಿದಳು.

"ಬೆಳಗಿನ ಜಾವ ಮೂರಕ್ಕೆ ಸೈನಿಕರು
ಕದದ ಸಮೇತ ನಮ್ಮ ಮನೆಯೊಳಗೆ ಬಿದ್ದರು.
ತಮ್ಮ ಇನ್ನೂ ನಿದ್ದೆಯಲ್ಲಿದ್ದ."

ವ್ಯಾಕರಣ ಸರಿಯಾಗಿತ್ತು.
ಭೂತಕಾಲದ ಕ್ರಿಯಾಪದ ತನ್ನ ಜಾಗದಲ್ಲೇ ಕೂತಿತ್ತು.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.

ಮಾತು ಬಂದಾಗಿನಿಂದ ಆಡಿದ ಮಾತು ಇದು.
ಬ್ಯಾಂಕಿನಲ್ಲಿ, ಸಾ ಮಿಲ್ಲಿನಲ್ಲಿ,
ಮಾವನ ಮುಂದೆ ಟೋಪಿ ಹಿಂಡುತ್ತಾ ಹೆಣ್ಣು ಕೇಳಿದ ದಿನ ಕೂಡ.
ಒಂದು ಸಲವೂ ಅದರೊಳಗಿನ ಕದ ಕಂಡಿರಲಿಲ್ಲ,
ನನಗೆ! ಉಳಿ ಹಿಡಿದು ಬದುಕಿದವನಿಗೆ.

ಏನು ಕೇಳಬೇಕೋ ತೋಚದೆ ಕೇಳಿದೆ:
ಯಾವ ಮರದ್ದು?

ಮರ ಅಲ್ಲ. ತಗಡು.
ಎಣ್ಣೆ ಡಬ್ಬ ಬಿಚ್ಚಿ, ತಟ್ಟಿ, ಮೊಳೆ ಹೊಡೆದದ್ದು.
ನೀಲಿ. ಅಪ್ಪ ಬಳಿದದ್ದು.

ಹಾಗಾದರೆ ಸದ್ದು ಜೋರಾಗಿರುತ್ತದೆ, ಎಂದೆ.

ಹೌದು, ಎಂದಳು.

ಆ ಸಂಜೆ ಸೇತುವೆ ಮೇಲೆತ್ತಿದ್ದರು.
ಚಿನ್ನದ ಬಣ್ಣದ ಚಕ್ರಗಳ ಕೆಳಗೆ ಮರಳಿನ ದೋಣಿಯೊಂದು
ಸಾವಕಾಶ, ಯಾರ ಬಾಗಿಲನ್ನೂ ಬಡಿಯದೆ, ಹಾದು ಹೋಯಿತು.
ಸೈಕಲ್ಲು ಹಿಡಿದು ನಿಂತೇ ಇದ್ದೆ, ಗೇಟು ತೆರೆದ ಮೇಲೂ.

ಎರಡು ವಾರ ಆಕೆ ಬರಲಿಲ್ಲ.

ಮೂರನೆಯ ಮಂಗಳವಾರ ಸಂಬಳದ ಚೀಟಿ ಬೀಸುತ್ತಾ ಬಂದಳು.
ನದಿಯಾಚೆ ಗಾಜಿನ ತೋಟದಲ್ಲಿ
ಸೌತೆಕಾಯಿಗೆ ಪ್ಲಾಸ್ಟಿಕ್ ತೊಡಿಸುವ ಕೆಲಸ ಅವಳದು.
ಮೇಸ್ತ್ರಿಯ ಮುಂದೆ ನಿಂತು ಹೇಳಿದಳಂತೆ:
ಇಕ್ ಫಾಲ್ ಮಾರ್ ಮೆಟ್ ದ ಡ್ಯೋರ್ ಇನ್ ಹೌಸ್,
ಹೋದ ತಿಂಗಳ ಎಂಟು ಗಂಟೆಯ ಕೂಲಿ ಎಲ್ಲಿ?

'ಮಾರ್' ಹಾಕಿದೆಯಾ?

ಮೊದಲ ಸಲ ಹಾಕಿದೆ. ಎರಡನೇ ಸಲ ತೆಗೆದೆ.

ಆರು ಗಂಟೆಯದು ಬಂದಿತ್ತು. ಎರಡು ಬಾಕಿ.
ಹಾಲಿನಾ ಚಪ್ಪಾಳೆ ತಟ್ಟಿದಳು.
ಲೆತೆಬ್ರಹಾನ್ ತಟ್ಟೆಯಿಂದ ಎರಡು ಬಿಸ್ಕತ್ತು ತೆಗೆದುಕೊಂಡಳು,
ಯಾರೂ ಏನೂ ಅನ್ನಲಿಲ್ಲ.

ಆ ಹಾಳೆ ನನ್ನ ಹತ್ತಿರವೇ ಇದೆ,
ಅಳತೆಪಟ್ಟಿಯ ಡ್ರಾಯರಿನಲ್ಲಿ, ತಿದ್ದದೆ.

ತಮ್ಮನ ಹೆಸರು ಇನ್ನೂ ಕೇಳಿಲ್ಲ ನಾನು.
ಕೇಳಬೇಕೆಂದೇ ಹೋಗುತ್ತೇನೆ, ಪ್ರತಿ ಮಂಗಳವಾರ,
ಹೊಸ್ತಿಲಲ್ಲಿ ಕಾಲು ಒರೆಸುತ್ತಾ ಹೇಳುತ್ತೇನೆ,
ಇವತ್ತು ಗಾಳಿ ಜೋರು ಅಲ್ಲವಾ.

ಹೌದು, ಎನ್ನುತ್ತಾಳೆ,
ಗಾಳಿ ಜೋರು.